ಎರೆ ಭೂಮಿಗೆ ತಂತಿ ಬೇಲಿ

ಬಳ್ಳಾರಿ ಸೀಮೆಗೆ ಹೊರಟವರು ಹಂಪಿ ನೋಡುತ್ತಾರೆ, ಇಲ್ಲವೇ ಬಳ್ಳಾರಿ ಗುಡ್ಡದ ಕೋಟೆ ಹತ್ತುತ್ತಾರೆ. ಸಾಗರ ತಾಲ್ಲೂಕಿನ ಅಡಿಕೆ ಬೆಳೆಗಾರರೊಬ್ಬರು ಹೋದದ್ದು ಸಿರುಗುಪ್ಪ ತಾಲ್ಲೂಕಿನ ಕರೂರಿಗೆ, ಸ್ನೇಹಿತರೊಬ್ಬರ ಹೊಲಕ್ಕೆ ತಂತಿ ಎಳೆಯುವುದನ್ನು ನೋಡಲು. ಊರಿಗೆ ಮರಳಿ ಅಡಿಕೆ ಕೊಯ್ಲು ಮುಗಿದರೂ ಆ ಪ್ರವಾಸ ಅವರ ಮನಸ್ಸಿನಿಂದ ಇಳಿದಿಲ್ಲ. ತೋಟದ ಅಂಚಿನಲ್ಲಿ ನಿಂತಾಗಲೆಲ್ಲ ಒಂದು ಪ್ರಶ್ನೆ ಎದ್ದು ಬರುತ್ತದೆ: ಬೇಲಿಯನ್ನು ಎಲ್ಲಿಯವರೆಗೆ ಎಳೆಯಬೇಕು, ಎಲ್ಲಿ ಬಿಡಬೇಕು?

ಹೊಸಪೇಟೆ ದಾಟಿ ಬಳ್ಳಾರಿ ಕಡೆ ಸಾಗುವಾಗ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಚಿಮಣಿಗಳು ಹಿಂದೆ ಸರಿದ ಮೇಲೆ ಕುಡತಿನಿ ಬರುತ್ತದೆ. ಅಲ್ಲೊಂದು ಬೂದಿ ದಿಬ್ಬ ಇದೆ. ರಾಕ್ಷಸರನ್ನು ಸುಟ್ಟ ಬೂದಿ ಎಂದು ಇಂಥ ದಿಬ್ಬಗಳ ಬಗ್ಗೆ ಈ ಸೀಮೆಯಲ್ಲಿ ಕಥೆ ಹೇಳುತ್ತಾರೆ. ಪುರಾತತ್ವಜ್ಞರ ಉತ್ತರ ಬೇರೆ. 1950ರ ದಶಕದಲ್ಲಿ ರೇಮಂಡ್ ಆಲ್ಚಿನ್ ಹಳೆಯ ಮಹಬೂಬ್‌ನಗರ ಜಿಲ್ಲೆಯ ಉತನೂರಿನಲ್ಲಿ ಇಂಥದೇ ದಿಬ್ಬವೊಂದನ್ನು ಅಗೆದರು. ಅಲ್ಲಿ ಸಾಲು ಸಾಲಾಗಿ ಕಂಬ ನೆಟ್ಟ ಗುಳಿಗಳು ಸಿಕ್ಕವು, ಬೂದಿಯ ಪದರದಲ್ಲಿ ದನಗಳ ಗೊರಸಿನ ಗುರುತು ಸಿಕ್ಕಿತು. ನವಶಿಲಾಯುಗದ ಜನ ಮರದ ಕಂಬಗಳ ಬೇಲಿ ಹಾಕಿ ದನ ಕೂಡಿಹಾಕುತ್ತಿದ್ದರು. ವರ್ಷ ವರ್ಷ ಬಿದ್ದ ಸಗಣಿಯ ರಾಶಿಗೆ ಬೆಂಕಿ ಹಾಕಿದ್ದರಿಂದ ದಿಬ್ಬ ಬೆಳೆಯಿತು ಎಂದು 1963ರ ತಮ್ಮ ಪುಸ್ತಕದಲ್ಲಿ ಅವರು ವಿವರಿಸಿದರು. 1960ರ ದಶಕದಲ್ಲಿ ಎಂ.ಎಸ್. ನಾಗರಾಜರಾವ್ ಅವರು ಅಗೆದ, ನವಶಿಲಾಯುಗದ ನೆಲೆಯಾದ ತೆಕ್ಕಲಕೋಟೆಯ ಗುಡ್ಡವಂತೂ ಸಿರುಗುಪ್ಪ ತಾಲ್ಲೂಕಿನಲ್ಲೇ ಇದೆ.

ನಾಲ್ಕು ಸಾವಿರ ವರ್ಷಕ್ಕೂ ಹಿಂದೆ ಈ ಸೀಮೆಯ ಜನ ಬೇಲಿ ಕಟ್ಟಿದ್ದು ದನದ ಸುತ್ತ. ಅದರ ಆಚೆಗಿನ ಬಯಲೆಲ್ಲ ಬಿಟ್ಟ ಬಯಲು. ಈಗ ಬೇಲಿ ಹೊಲದ ಸುತ್ತ ಬಂದಿದೆ, ದನ ಹೊರಗೆ ನಿಂತಿದೆ. ಕುಡತಿನಿಯಿಂದ ಬಳ್ಳಾರಿಯವರೆಗೂ ಪ್ರವಾಸಿ ಇದನ್ನೇ ಯೋಚಿಸುತ್ತ ಬಂದರು.

ಬಳ್ಳಾರಿಯಲ್ಲಿ ಬೆಳಿಗ್ಗೆ ಒಗ್ಗರಣೆ ಮಂಡಕ್ಕಿ, ಜೊತೆಗೆ ಬಿಸಿ ಮಿರ್ಚಿ. ಮಲೆನಾಡಿನಲ್ಲಿ ಸಂಜೆಯ ತಿಂಡಿಯಾದ ಮಂಡಕ್ಕಿ ಇಲ್ಲಿ ಹೊಲಕ್ಕೆ ಹೋಗುವವರ ಬೆಳಗಿನ ಹೊಟ್ಟೆ ತುಂಬಿಸುತ್ತದೆ. ಹುಣಸೆಹುಳಿ, ಈರುಳ್ಳಿ, ಹುರಿಗಡಲೆ ಪುಡಿ ಬೆರೆತ ಆ ಮಂಡಕ್ಕಿ ಒದ್ದೆಯೂ ಅಲ್ಲದ, ಗರಿಯೂ ಅಲ್ಲದ ಹದದಲ್ಲಿರುತ್ತದೆ. ಅದನ್ನು ತಿಂದು ಎದ್ದವರಿಗೆ ಮಧ್ಯಾಹ್ನದ ತನಕ ಹಸಿವಿಲ್ಲ.

ಸಿರುಗುಪ್ಪ ದಾರಿಯಲ್ಲಿ ನೆಲದ ಬಣ್ಣ ಕಪ್ಪಾಗುತ್ತದೆ. ಜನವರಿ ತಿಂಗಳು. ಒಂದು ಕಡೆ ಭತ್ತ ಕೊಯ್ದ ಗದ್ದೆ, ಇನ್ನೊಂದು ಕಡೆ ಕಣದಲ್ಲಿ ಹರವಿದ ಕೆಂಪು ಮೆಣಸಿನಕಾಯಿ, ನಡುವೆ ಹತ್ತಿ, ಜೋಳ. ಕಣ್ಣಿಗೆ ಅಡ್ಡ ಬರುವಂಥದ್ದು ಏನೂ ಇಲ್ಲ. ನಾಲ್ಕು ಮಾರು ದೂರದಲ್ಲೇ ಕಾಡು ಎದ್ದುನಿಲ್ಲುವ ಊರಿನಿಂದ ಬಂದವರಿಗೆ ಈ ಬಯಲು ಮೊದಲು ದಿಗಿಲು ಹುಟ್ಟಿಸುತ್ತದೆ; ಆಮೇಲೆ ಉಸಿರು ಹಗುರಾಗುತ್ತದೆ.

ಪ್ರವಾಸಿಯ ಹೋಬಳಿಯ ಹೆಸರೂ ಕರೂರು. ಶರಾವತಿ ಹಿನ್ನೀರಿನ ಆಚೆ ದಡದ ಆ ಹೋಬಳಿಯನ್ನು 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟೆ ಮೂರು ಕಡೆಯಿಂದ ನೀರಿನಲ್ಲಿ ಕಟ್ಟಿಹಾಕಿತು. ಅಲ್ಲಿನ ತುಮರಿಯ ಜನ ಲಾಂಚ್ ಬಿಟ್ಟು ಸೇತುವೆ ಮೇಲೆ ನದಿ ದಾಟಿದ್ದು 2025ರ ಜುಲೈನಲ್ಲಿ. ಸಿರುಗುಪ್ಪ ಸೀಮೆಯ ಕಥೆ ಇದಕ್ಕೆ ತಿರುಗಾಮುರುಗಾ. ತುಂಗಭದ್ರಾ ಅಣೆಕಟ್ಟೆ ಸಿದ್ಧವಾದದ್ದು 1953ರಲ್ಲಿ. ಬಳ್ಳಾರಿ ಮದ್ರಾಸ್ ರಾಜ್ಯ ಬಿಟ್ಟು ಮೈಸೂರಿಗೆ ಸೇರಿದ್ದೂ ಅದೇ ವರ್ಷದ ಅಕ್ಟೋಬರ್ 1ರಂದು. ಬಲದಂಡೆಯ ಕೆಳಮಟ್ಟದ ಕಾಲುವೆ ಈ ತಾಲ್ಲೂಕನ್ನು ಹಾದು ಆಂಧ್ರದ ಕರ್ನೂಲಿನ ಕಡೆ ಹೋಗುತ್ತದೆ. ನೀರು ಬಂದಲ್ಲಿ ಜೋಳದ ಹೊಲ ಭತ್ತದ ಗದ್ದೆಯಾಯಿತು, ಬೀಳು ಬಿದ್ದ ಹುಲ್ಲುಗಾವಲು ಹೊಲವಾಯಿತು. ಅಲ್ಲಿ ನೀರು ನೆಲವನ್ನು ನುಂಗಿತು, ಇಲ್ಲಿ ನೀರು ನೆಲಕ್ಕೆ ಬೆಲೆ ತಂದಿತು. ಬೆಲೆ ಬಂದ ನೆಲಕ್ಕೆ ಬೇಲಿಯೂ ಬರತೊಡಗಿತು.

ಸ್ನೇಹಿತರ ಹೊಲದಲ್ಲಿ ಕೆಲಸ ಆಗಲೇ ಶುರುವಾಗಿತ್ತು. ಸರ್ವೆಯವರು ಬಂದು ಹದ್ದುಬಸ್ತು ಮಾಡಿಕೊಟ್ಟು ಹೋಗಿದ್ದರು, ಬಾಂದುಕಲ್ಲುಗಳು ಸಿಕ್ಕಿದ್ದವು. ಕಲ್ಲಿನಿಂದ ಕಲ್ಲಿಗೆ ದಾರ ಹಿಡಿದು, ದಾರದ ಗುಂಟ ಟ್ರ್ಯಾಕ್ಟರಿನ ಹಿಂದೆ ಕಟ್ಟಿದ ಗುಂಡಿ ತೆಗೆಯುವ ಯಂತ್ರ ನೆಲಕ್ಕೆ ಇಳಿಯುತ್ತಿತ್ತು. ಗಟ್ಟಿ ನೆಲದಲ್ಲಾದರೆ ಅದು ಸಲೀಸು. ಎರೆ ಮಣ್ಣು ಹಾಗಲ್ಲ. ಮೇಲಿನ ಒಣ ಪದರ ದಾಟಿ ಹಸಿ ಇರುವ ಕಡೆ ಹೋದೊಡನೆ ಮಣ್ಣು ತಿರುಪಿಗೆ ಮೆತ್ತಿಕೊಂಡು ಬಿಡುತ್ತದೆ. ಒಬ್ಬ ಹುಡುಗ ಪ್ರತಿ ಗುಂಡಿಗೂ ಹಾರೆಯಿಂದ ಅದನ್ನು ಕೆರೆದು ಬೀಳಿಸುತ್ತಿದ್ದ.

ಬೇಲಿಯ ಮೇಸ್ತ್ರಿ ವಯಸ್ಸಾದವರು. ಎಲ್ಲರೂ ಅವರನ್ನು ತಾತ ಎನ್ನುತ್ತಿದ್ದರು. ತೆಗೆದ ಕರಿಮಣ್ಣನ್ನು ಮತ್ತೆ ಗುಂಡಿಗೆ ಹಾಕಲು ಅವರು ಬಿಡಲಿಲ್ಲ. ಕಲ್ಲುಕಂಬ ನಿಲ್ಲಿಸಿ, ಸುತ್ತ ಗರಸು ಮತ್ತು ಕಲ್ಲಿನ ಚೂರು ತುಂಬಿಸಿ, ನೀರು ಹಾಕಿ ಜಡಿಸಿದರು.

“ಈ ಮಣ್ಣು ಮಳೀಗಾಲದಾಗ ಉಬ್ತೈತಿ, ಬ್ಯಾಸಿಗ್ಯಾಗ ಬಿರೀತೈತಿ ಸರ. ಇದರಾಗ ಬರೇ ಕಂಬ ನೆಟ್ರ ಎರಡನೇ ವರ್ಷಕ್ಕ ಕುಡುದವ್ರಂಗ ವಾಲ್ತಾವು,” ಎಂದರು.

ಅವರ ಮಾತಿನ ಹಿಂದೆ ಮಣ್ಣಿನ ವಿಜ್ಞಾನವೇ ಇದೆ. ಎರೆ ಮಣ್ಣಿನಲ್ಲಿ ನೀರು ಹೀರಿ ಹಿಗ್ಗುವ, ಒಣಗಿದಾಗ ಕುಗ್ಗುವ ಜೇಡಿಯ ಅಂಶ ಹೆಚ್ಚು. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುವ ಈ ನೆಲ ಮಳೆ ಬಿದ್ದಾಗ ತಾನಾಗಿ ಮುಚ್ಚಿಕೊಳ್ಳುತ್ತದೆ. ಆ ಎಳೆದಾಟದಲ್ಲಿ ಕಂಬ ಒಂದಿಷ್ಟು ವಾಲಿದರೆ ಸಾಕು, ತಂತಿ ಸಡಿಲವಾಗುತ್ತದೆ. ಅದಕ್ಕೇ ಮೂಲೆಗಂಬಗಳಿಗೆ ಎರಡು ಕಡೆಯಿಂದ ಒದೆಗಲ್ಲು. ಉದ್ದ ಸಾಲಿನಲ್ಲಿ ನೂರು, ನೂರೈವತ್ತು ಮೀಟರಿಗೊಂದು ಕಡೆಯೂ ಇಂಥದೇ ಒದೆಗಲ್ಲಿನ ಕಂಬ. ನಡುವಿನ ಕಂಬಗಳು ತಂತಿಯನ್ನು ಎತ್ತಿ ಹಿಡಿಯುತ್ತವೆ ಅಷ್ಟೇ. ಎಳೆತ ಹೊರುವುದು ಒದೆಗಲ್ಲಿನ ಕಂಬಗಳು.

ತಂತಿ ಎಳೆಯುವ ದಿನ ಎಲ್ಲರೂ ಹೊತ್ತು ಮೂಡುವ ಮೊದಲೇ ಹೊಲದಲ್ಲಿದ್ದರು. ಮುಳ್ಳುತಂತಿಯ ಸುರುಳಿಯೊಳಗೆ ಕಬ್ಬಿಣದ ಪೈಪು ತೂರಿಸಿ, ಪೈಪಿನ ಎರಡೂ ತುದಿಯನ್ನು ಟ್ರ್ಯಾಕ್ಟರಿನ ಹಿಂದಿನ ಎತ್ತುವ ಕೈಗಳಿಗೆ ಕಟ್ಟಿದರು. ತಂತಿಯ ತುದಿಯನ್ನು ಮೂಲೆಗಂಬಕ್ಕೆ ಸುತ್ತಿ ಬಿಗಿದಾಯಿತು. ಟ್ರ್ಯಾಕ್ಟರ್ ಕಿರಿಯ ಗೇರಿನಲ್ಲಿ, ಎತ್ತಿನ ಬಂಡಿಗಿಂತಲೂ ನಿಧಾನವಾಗಿ ಮುಂದೆ ಸರಿದಂತೆ ಸುರುಳಿ ಬಿಚ್ಚುತ್ತ ಬಂತು. ಅಂಗೈಗೆ ಗೋಣಿಚೀಲ ಸುತ್ತಿಕೊಂಡ ಇಬ್ಬರು ಸುರುಳಿಯ ಎರಡೂ ಕಡೆ ನಡೆದು, ಅದು ಜೋರಾಗಿ ತಿರುಗದಂತೆ ತಡೆಯುತ್ತಿದ್ದರು. ಅಲ್ಲಿ ತಂದಿದ್ದ ಎರಡೆಳೆ ತಂತಿ ಕಿಲೋಗೆ ಸುಮಾರು ಒಂಬತ್ತು, ಹತ್ತು ಮೀಟರ್ ಬರುತ್ತದೆ. ಮೂರು ನೂರು ಮೀಟರಿನ ಒಂದೆಳೆ ಎಂದರೆ ಮೂವತ್ತು ಕಿಲೋಗೂ ಹೆಚ್ಚು ಭಾರ. ಹಿಂದೆ ಇಬ್ಬರು ಆಳು ಇದನ್ನು ಬಡಿಗೆಗೆ ಸಿಕ್ಕಿಸಿ ಹೆಗಲ ಮೇಲೆ ಹೊತ್ತು ಬಿಚ್ಚುತ್ತಿದ್ದರು. ತೋಳು, ತೊಡೆಯೆಲ್ಲ ಗೀರು.

ಆ ತುದಿ ಮುಟ್ಟಿದ ಮೇಲೆ ಟ್ರ್ಯಾಕ್ಟರಿನ ಹುಡುಗ ಹಾಗೇ ಮುಂದೆ ಎಳೆದು ಬಿಗಿ ಮಾಡಲೇ ಎಂದು ಕೇಳಿದ. ತಾತ ಕೈ ಅಡ್ಡ ಹಿಡಿದರು.

“ಬ್ಯಾಡಪ್ಪ, ಬಂದ್ ಮಾಡು. ಟ್ರ್ಯಾಕ್ಟರ್‌ಗೆ ಅಂಗೈ ಇಲ್ಲ. ಎಷ್ಟು ಎಳದ್ನಿ ಅಂಬೋದು ಅದಕ್ಕ ತಿಳಿಯಂಗಿಲ್ಲ.”

ಎರಡೆಳೆಯ ಮುಳ್ಳುತಂತಿ ತಾಳಿಕೊಳ್ಳುವುದು ಕೆಲವು ನೂರು ಕಿಲೋ ಭಾರದ ಎಳೆತವನ್ನು. ಹೊಲದ ಟ್ರ್ಯಾಕ್ಟರ್ ಅದಕ್ಕಿಂತ ಎಷ್ಟೋ ಹೆಚ್ಚು ಎಳೆಯಬಲ್ಲದು, ಸೀಟಿನ ಮೇಲೆ ಕೂತವನಿಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಬಿಗಿದ ತಂತಿ ತುಂಡಾದರೆ ಮುಳ್ಳಿನ ಸಮೇತ ಹಿಂದಕ್ಕೆ ಚಿಮ್ಮುತ್ತದೆ, ದಾರಿಯಲ್ಲಿ ಯಾರಿದ್ದರೂ ಸೀಳುತ್ತದೆ. ಹೀಗಾಗಿ ಟ್ರ್ಯಾಕ್ಟರನ್ನು ಗೇರಿನಲ್ಲಿ ನಿಲ್ಲಿಸಿ, ಬ್ರೇಕ್ ಹಾಕಿ, ಗಾಲಿಗೆ ಕಲ್ಲು ಕೊಟ್ಟರು. ಈಗ ಅದು ಬರೀ ಗೂಟ. ಅದಕ್ಕೆ ಚೈನ್ ಪುಲ್ಲಿ ಸಿಕ್ಕಿಸಿ ತಾತ ತಮ್ಮ ಕೈಯಿಂದ ಕೊಂಡಿ ಕೊಂಡಿಯಾಗಿ ಎಳೆದರು. ಉಳಿದವರೆಲ್ಲ ತಂತಿಯ ಸಾಲಿನಿಂದ ದೂರ.

ನೆಲದ ಮೇಲೆ ಮಲಗಿದ್ದ ತಂತಿ ಅಲ್ಲಲ್ಲಿ ಎದ್ದಿತು. ಜೋಳದ ಕೂಳೆಗೆ ಸಿಕ್ಕಿಕೊಂಡಿದ್ದ ಮುಳ್ಳುಗಳು ಪಟಪಟನೆ ಬಿಡಿಸಿಕೊಂಡವು. ಇಬ್ಬನಿಯ ಹನಿಗಳು ಉದ್ದಕ್ಕೂ ಉದುರಿದವು. ತಾತ ನಡುನಡುವೆ ನಿಂತು ಪಕ್ಕಡದಿಂದ ತಂತಿಗೆ ಮೆಲ್ಲಗೆ ತಟ್ಟಿ ಕಿವಿಗೊಡುತ್ತಿದ್ದರು. ಮೊದಲು ಮಂದವಾಗಿದ್ದ ಸದ್ದು ಬರಬರುತ್ತ ತೆಳ್ಳಗಾಯಿತು. ಇನ್ನೂ ಎರಡು ಕೊಂಡಿ ಎಳೆದು ಸಾಕೆಂದರು. ನಡುವಿನ ಕಂಬಗಳಿಗೆ ಬೈಂಡಿಂಗ್ ವೈರಿನಿಂದ ಕಟ್ಟುವಾಗಲೂ ಬಿಗಿದು ಕಟ್ಟಲು ಬಿಡಲಿಲ್ಲ. ತಂತಿ ಜಾರುವಷ್ಟು ಸಡಿಲ ಇರಬೇಕು. ಉಕ್ಕು ಬಿಸಿಲಿಗೆ ಹಿಗ್ಗುತ್ತದೆ. ನಸುಕಿನ ಚಳಿಗೂ ಮಧ್ಯಾಹ್ನದ ಬಿಸಿಲಿಗೂ ತಂತಿಯ ಬಿಸಿಯಲ್ಲಿ 25 ಡಿಗ್ರಿ ವ್ಯತ್ಯಾಸವಾದರೆ ಮೂರು ನೂರು ಮೀಟರಿನ ತಂತಿ ಸುಮಾರು 9 ಸೆಂಟಿಮೀಟರ್ ಉದ್ದವಾಗುತ್ತದೆ. ಮಟಮಟ ಮಧ್ಯಾಹ್ನ ಬಿಗಿ ಮಾಡಿದ ತಂತಿ ಚಳಿಗಾಲದ ರಾತ್ರಿ ಕಂಬವನ್ನೇ ಎಳೆಯುತ್ತದೆ. ತಾತ ನಸುಕಿನಲ್ಲೇ ಕೆಲಸ ಹಿಡಿಯುವುದು ಅದಕ್ಕೇ.

ಪ್ರವಾಸಿಯ ಊರಿನಲ್ಲಿ ಬೇಲಿ ಎಂದರೆ ಅಗಳು. ಗುಡ್ಡದ ಬದಿಯಲ್ಲಿ ಆಳದ ಕಂದಕ ತೋಡಿ, ತೆಗೆದ ಮಣ್ಣನ್ನು ಒಳಮಗ್ಗುಲಿಗೆ ದಂಡೆಯಾಗಿ ಹಾಕುತ್ತಾರೆ. ಓಡಾಡಲು ಬಿದಿರು ಗಳಗಳ ಉಣುಗೋಲು. ಕಾಡುಕೋಣ ಅಗಳನ್ನೂ ಲೆಕ್ಕಿಸುವುದಿಲ್ಲ, ಮಂಗನಿಗೆ ಬೇಲಿಯೇ ಇಲ್ಲ. ಎರೆ ನೆಲದಲ್ಲಿ ಅಗಳು ತೋಡಿದರೆ ಎರಡು ಮಳೆಗೆ ದಡ ಕುಸಿದು ಮುಚ್ಚಿಹೋಗುತ್ತದೆ. ಒಂದೊಂದು ನೆಲವೂ ತನಗೆ ಒಪ್ಪುವ ಬೇಲಿಯನ್ನು ತಾನೇ ಕೇಳುತ್ತದೆ.

ಮಧ್ಯಾಹ್ನ ಹೊಲದಲ್ಲೇ ಊಟ. ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಚಟ್ನಿ, ಹಸಿ ಈರುಳ್ಳಿ, ಕೊನೆಗೆ ಅನ್ನ ಮಜ್ಜಿಗೆ. ಪುಂಡಿಯ ಹುಳಿ ಮಲೆನಾಡಿನ ಯಾವ ಸೊಪ್ಪಿಗೂ ಇಲ್ಲ. “ಕುಂದ್ರಿ ಸರ, ಇನ್ನೊಂದು ರೊಟ್ಟಿ ಹಾಕ್ಸಿಕೊಳ್ರಿ” ಎಂಬ ಒತ್ತಾಯದ ನಡುವೆ ಮಾತು ಬೇಲಿಯ ಕಡೆಗೇ ತಿರುಗಿತು.

ಎದುರಿನ ಹೊಲದ ಸುತ್ತ ಗೂಟ ನೆಟ್ಟು ಹಳೇ ಸೀರೆ ಕಟ್ಟಿದ್ದರು. ಕೆಂಪು, ಹಸಿರು, ಬಣ್ಣ ಹೋದ ಹಳದಿ ಸೀರೆಗಳು ಗಾಳಿಗೆ ಪಟಗುಟ್ಟುತ್ತಿದ್ದವು. ಚಿಗರಿ ಮತ್ತು ಹಂದಿಯನ್ನು ಬೆದರಿಸಲು ಉತ್ತರ ಕರ್ನಾಟಕದ ರೈತರು ಕಂಡುಕೊಂಡ ಉಪಾಯ ಇದು. ಕಾಳು ಮೊಳೆತ ಹೊಲಕ್ಕೆ ಚಿಗರಿಯ ಹಿಂಡು ಒಂದು ರಾತ್ರಿ ಇಳಿದರೆ ಬಿತ್ತಿದ ಬೀಜವೂ ಕೈಗೆ ಬರುವುದಿಲ್ಲ. ಪರಿಹಾರಕ್ಕೆ ಅರ್ಜಿ ಹಿಡಿದು ಅಲೆಯುವುದಕ್ಕಿಂತ ರಾತ್ರಿ ಹೊಲ ಕಾಯುವುದೇ ಮೇಲು ಎಂದು ಸ್ನೇಹಿತರು ಹೇಳಿದಾಗ ಅವರ ದನಿಯಲ್ಲಿ ನಿದ್ದೆಗೆಟ್ಟ ಆಯಾಸವಿತ್ತು.

ಹಿಂದಿನವರ ಬೇಲಿ ಜಾಲಿ ಮುಳ್ಳಿನದು, ಕಳ್ಳಿಯದು, ಕತ್ತಾಳೆಯದು. ಆಮೇಲೆ ಬಳ್ಳಾರಿ ಜಾಲಿ ಬಂತು. ಹೆಸರಿನಲ್ಲಿ ಬಳ್ಳಾರಿ ಇದ್ದರೂ ಇದರ ತವರು ಅಮೆರಿಕ ಖಂಡ. 1870ರ ದಶಕದಲ್ಲಿ, ಒಣ ಸೀಮೆಗೆ ಉರುವಲಾಗಲಿ ಎಂದು ಮದ್ರಾಸ್ ಪ್ರಾಂತ್ಯದ ಅರಣ್ಯಾಧಿಕಾರಿಗಳು ಬೀಜ ತರಿಸಿದರು. ಅದೇ ದಶಕದಲ್ಲಿ, 1874ರ ನವೆಂಬರಿನಲ್ಲಿ, ಅಮೆರಿಕದ ಇಲಿನಾಯ್ ರಾಜ್ಯದ ಜೋಸೆಫ್ ಗ್ಲಿಡನ್ ಎಂಬ ರೈತನಿಗೆ ಮುಳ್ಳುತಂತಿಯ ಪೇಟೆಂಟ್ ಸಿಕ್ಕಿತು. ಎರಡು ಎಳೆಗಳನ್ನು ಹೊಸೆದು ಅವುಗಳ ನಡುವೆ ಮುಳ್ಳು ಜಾರದಂತೆ ಕೂರಿಸಿದ್ದು ಅವನ ಜಾಣ್ಮೆ. ಮರವೇ ಇಲ್ಲದ ಹುಲ್ಲುಬಯಲಿಗೆ ಅಗ್ಗದ ಬೇಲಿ ಸಿಕ್ಕಿತು. ಕೆಲವೇ ದಶಕಗಳಲ್ಲಿ ಅಲ್ಲಿನ ತೆರೆದ ಗೋಮಾಳಗಳೂ ದನಗಾಹಿಗಳು ಮಂದೆ ಹೊಡೆದುಕೊಂಡು ಹೋಗುವ ದಾರಿಗಳೂ ಮುಚ್ಚಿಹೋದವು.

ಭಾರತದ ಹಳ್ಳಿಯ ಕ್ರಮ ಬೇರೆಯಿತ್ತು. ಬ್ರಿಟಿಷರು 1871ರಲ್ಲಿ ತಂದ ದನಗಳ ಅತಿಕ್ರಮಣ ಕಾಯ್ದೆಯ ಪ್ರಕಾರ ಪೈರಿಗೆ ನುಗ್ಗಿದ ದನವನ್ನು ಊರ ಕೊಂಡವಾಡಕ್ಕೆ ಹೊಡೆದು ಹಾಕಬಹುದಿತ್ತು. ದಂಡ ಕಟ್ಟಿ ಬಿಡಿಸಿಕೊಳ್ಳುವುದು ದನದವನ ಹೊಣೆ. ಹೊಲದವನು ಬೇಲಿ ಹಾಕಲೇಬೇಕು ಎಂದೇನೂ ಇರಲಿಲ್ಲ. ಈಗ ಎಷ್ಟೋ ಊರುಗಳಲ್ಲಿ ಕೊಂಡವಾಡದ ಗೋಡೆಯೂ ಉಳಿದಿಲ್ಲ. ಬೀದಿದನ ಹೆಚ್ಚಿವೆ, ಕಾಯುವ ಆಳು ಸಿಗುವುದಿಲ್ಲ. ಊರೆಲ್ಲ ಸೇರಿ ಹೊರುತ್ತಿದ್ದ ಕಾವಲಿನ ಭಾರವನ್ನು ಈಗ ಒಬ್ಬೊಬ್ಬ ರೈತ ತಂತಿಯ ರೂಪದಲ್ಲಿ ತಾನೇ ಹೊರುತ್ತಿದ್ದಾನೆ. ತಂತಿ ಹಾಕಿಸುವವನನ್ನು ಸ್ವಾರ್ಥಿ ಎನ್ನಲು ಪ್ರವಾಸಿಗೆ ಮನಸ್ಸು ಬರಲಿಲ್ಲ.

ಸಂಜೆ ಮುಂದೆ ಕುರಿ ಮಂದೆಯೊಂದು ಬಂತು. ಕಂಬಳಿ ಹೊದ್ದ ಕುರುಬರ ಹಿರಿಯರು ಕೊಯ್ಲಾದ ಹೊಲದಲ್ಲಿ ಕುರಿ ತರುಬಲು ಬಂದಿದ್ದರು. ಕರಿ, ಬಿಳಿ ಮಿಶ್ರ ಬಣ್ಣದ ಬಳ್ಳಾರಿ ತಳಿಯ ಕುರಿಗಳು. ನೆಲಕ್ಕೆ ಸಣ್ಣ ಗೂಟ ಹೊಡೆದು, ಬಲೆ ಸುತ್ತಿ, ನೋಡನೋಡುತ್ತಿದ್ದಂತೆ ಹಟ್ಟಿ ಎಬ್ಬಿಸಿದರು. ಒಂದು ರಾತ್ರಿಯ ಹಿಕ್ಕೆ, ಗಂಜಲ ಹೊಲಕ್ಕೆ ಗೊಬ್ಬರ. ಬೆಳಗಾದರೆ ಬಲೆ ಮಡಚಿ ಹೆಗಲಿಗೇರುತ್ತದೆ. ಬೂದಿ ದಿಬ್ಬದ ಕಾಲದವರ ಹಾಗೆ ಇವರದೂ ಪ್ರಾಣಿಯ ಸುತ್ತ ಕಟ್ಟುವ ಬೇಲಿ, ದಿನದಿನವೂ ಜಾಗ ಬದಲಿಸುವ ಬೇಲಿ.

ಅವರು ಹೊಸ ತಂತಿಯನ್ನು ಬಹಳ ಹೊತ್ತು ನೋಡಿದರು.

“ಹೋದ ವರ್ಷ ಇಲ್ಲಿಂದ ಹಳ್ಳಕ್ಕ ನೀರಿಗೆ ಬಿಡ್ತಿದ್ವಿ. ಈಗ ಸುತ್ತುಹಾಕ್ಕೊಂಡು ಹೋಗಬೇಕ್ರಿ. ಮರಿ ಇರೋ ಕುರಿ ಅಷ್ಟು ದೂರ ನಡೀಯಂಗಿಲ್ಲ.”

ಸ್ನೇಹಿತರು ತುಸು ಹೊತ್ತು ಸುಮ್ಮನಿದ್ದು, “ನಮ್ ಹೊಲ ನಾವು ಕಾಯಬಾರ್ದೇನ್ರಿ ಯಜಮಾನ್ರ?” ಎಂದರು. ಇಬ್ಬರ ಮಾತಿನಲ್ಲೂ ಸುಳ್ಳಿರಲಿಲ್ಲ. ಆ ರಾತ್ರಿ ಸ್ನೇಹಿತರು ಗ್ರಾಮ ನಕಾಶೆ ಬಿಚ್ಚಿ ಕೂತರು. ಹೊಲದ ತೆಂಕಣ ಅಂಚಿನಲ್ಲಿ ಹಳ್ಳಕ್ಕೆ ಹೋಗುವ ಬಂಡಿ ದಾರಿ ಚುಕ್ಕೆಗೆರೆಯಲ್ಲಿತ್ತು. ಹಳ್ಳ, ದಾರಿಯಂಥ ಸಾರ್ವಜನಿಕ ಜಾಗವನ್ನು ಪಹಣಿಯಲ್ಲಿ ಬಿ ಖರಾಬು ಎಂದು ತೋರಿಸುತ್ತಾರೆ. ಅದನ್ನು ಸಾಗುವಳಿದಾರ ತನ್ನದೆನ್ನುವಂತಿಲ್ಲ. ಮರುದಿನ ಆ ಕಡೆಯ ಗುಂಡಿಗಳ ಸಾಲು ಒಳಕ್ಕೆ ಸರಿಯಿತು. ತಾತ ಇನ್ನೊಂದು ಮೂಲೆಗಂಬ ಹೆಚ್ಚಿಗೆ ನಿಲ್ಲಿಸಬೇಕಾಯಿತು, ಮಾರನೆಯ ಬೆಳಗಿನ ಎಳೆತವೆಲ್ಲ ಹೊಸದಾಗಿ ಲೆಕ್ಕ ಹಾಕಬೇಕಾಯಿತು. ಅವರು ಗೊಣಗಲಿಲ್ಲ.

ಹಿಂತಿರುಗುವ ಮೊದಲು ಸ್ನೇಹಿತರು ಪ್ರವಾಸಿಯನ್ನು ತಾಲ್ಲೂಕಿನ ಉಳಿದ ಹುಲ್ಲುಬಯಲಿನ ಕಡೆ ಕರೆದೊಯ್ದರು. ರಾಜ್ಯದಲ್ಲಿ ಎರೆಭೂತ, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್, ಈಚಿನ ವರ್ಷಗಳಲ್ಲಿ ಕಾಣಿಸಿಕೊಂಡಿರುವುದು ಸಿರುಗುಪ್ಪ ತಾಲ್ಲೂಕಿನ ಇಂಥ ಬಯಲಿನಲ್ಲಿ. ಒಂದು ಕಾಲಕ್ಕೆ ರಾಣೆಬೆನ್ನೂರಿನ ಕೃಷ್ಣಮೃಗ ಧಾಮದ ಬಯಲಿನಲ್ಲೂ ಇದು ಇತ್ತು. ಗಂಡು ಹಕ್ಕಿ ಹದಿನೈದು ಕಿಲೋವರೆಗೂ ತೂಗುತ್ತದೆ. ಗೂಡು ಕಟ್ಟುವುದಿಲ್ಲ, ಸಾಮಾನ್ಯವಾಗಿ ಒಂದೇ ಮೊಟ್ಟೆ, ಅದೂ ಬರಿ ನೆಲದ ಮೇಲೆ. ಕಣ್ಣು ತಲೆಯ ಎರಡು ಮಗ್ಗುಲಿಗಿರುವುದರಿಂದ ಹಾರುವಾಗ ನೇರ ಎದುರಿನದು ಸರಿಯಾಗಿ ಕಾಣದು, ಭಾರದ ಮೈ ಬೇಗನೆ ಹೊರಳದು. ರಾಜಸ್ಥಾನ, ಗುಜರಾತಿನ ವಿದ್ಯುತ್ ತಂತಿಗಳಿಗೆ ಬಡಿದು ಇವು ಸತ್ತ ವಿಷಯ ಸುಪ್ರೀಂ ಕೋರ್ಟಿನ ತನಕ ಹೋಗಿ, 2021ರ ಏಪ್ರಿಲಿನಲ್ಲಿ ತಂತಿಗಳನ್ನು ನೆಲದಡಿಗೆ ಹಾಕುವ ಬಗ್ಗೆ ಆದೇಶ ಬಂತು; 2024ರಲ್ಲಿ ಅದು ಮಾರ್ಪಾಡಾಯಿತು. ಅಳಿವಿನ ಕೊನೆಯ ಅಂಚಿನಲ್ಲಿರುವ ಈ ಹಕ್ಕಿಗೆ ಬೇಕಾದದ್ದು ಏನೂ ಬೆಳೆಯದಂತೆ ಕಾಣುವ ಬಿಟ್ಟ ಬಯಲು.

ಅಂದು ಹಕ್ಕಿ ಕಾಣಲಿಲ್ಲ. ಚಿಗರಿಗಳು ಕಂಡವು. ಕರಿ ಬೆನ್ನಿನ ಗಂಡೊಂದು ಮುಂದೆ, ಹಿಂದೆ ಹೆಣ್ಣುಗಳು. ಮೋಟಾರ್ ಸೈಕಲ್ಲಿನ ಸದ್ದಿಗೆ ಬೆದರಿ ಚಿಮ್ಮಿ ಓಡಿದವು. ದಾರಿಯಲ್ಲಿ ಯಾರದೋ ಬೇಲಿ ಬಂದಾಗ ಹಿಂಡು ಗಕ್ಕನೆ ನಿಂತು, ತಂತಿಯ ಗುಂಟ ಅತ್ತಿತ್ತ ಓಡಿತು. ಒಂದು ಮರಿ ಕೆಳಗಿನ ತಂತಿಯ ಅಡಿಯಲ್ಲಿ ನುಸುಳಿತು. ತಂತಿಯ ಮೇಲೆ ಹಳೇ ಸೀರೆಯ ಚೂರು ಕಟ್ಟಿದ್ದ ಕಡೆ ಮಾತ್ರ ಹಿಂಡು ದೂರದಿಂದಲೇ ದಿಕ್ಕು ಬದಲಿಸಿದ್ದನ್ನು ಪ್ರವಾಸಿ ಗಮನಿಸಿದರು.

ಕರೂರಿನ ರೈತನಿಗೆ ಬೇಲಿ ಬೇಕು. ಬೀಜ, ಗೊಬ್ಬರಕ್ಕೆ ಸಾಲ ಮಾಡಿ, ಕಾಲುವೆ ನೀರು ಯಾವಾಗ ಬರುತ್ತದೆಂದು ಎದುರು ನೋಡಿ ಬೆಳೆಯುವವನ ಪೈರು ರಾತ್ರೋರಾತ್ರಿ ಹೋಗಬಾರದು. ಆದರೆ ಟ್ರ್ಯಾಕ್ಟರ್ ಬಂದ ಮೇಲೆ ತಿಂಗಳ ಕೆಲಸ ವಾರಕ್ಕೆ ಇಳಿದಿದೆ. ಹೊರಲು ಕಷ್ಟವಿದ್ದಾಗ ಬೇಕಾದಷ್ಟೇ ಎಳೆಯುತ್ತಿದ್ದ ತಂತಿಯನ್ನು ಈಗ ಎಲ್ಲಿಯವರೆಗೂ ಎಳೆಯಬಹುದು. ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಯಂತ್ರ ಹೇಳುವುದಿಲ್ಲ, ಬೇಲಿ ಹಾಕಿಸುವವನೇ ಹೇಳಬೇಕು.

ತಂತಿ ಹಾಕಿಸಲು ಹೊರಟವರಲ್ಲಿ ಸಾಗರದ ಈ ಬೆಳೆಗಾರರ ವಿನಂತಿ ಇಷ್ಟು. ಗುಂಡಿ ತೆಗೆಸುವ ಮುಂಚೆ ಗ್ರಾಮ ನಕಾಶೆ ನೋಡಿ, ಹಳ್ಳದ ದಾರಿ, ಬಂಡಿ ದಾರಿ ಬಿಡಿ. ಬಿತ್ತದ ಬೀಳು ನೆಲಕ್ಕೆ, ಹುಲ್ಲುಬಯಲಿಗೆ ತಂತಿ ಸುತ್ತಬೇಡಿ. ಸುತ್ತಿದ ತಂತಿ ದೂರದಿಂದ ಕಾಣುವಂತೆ ಬಟ್ಟೆ ಕಟ್ಟಿ. ಬಿಗಿ ಮಾಡುವುದನ್ನು ಟ್ರ್ಯಾಕ್ಟರಿಗೆ ಬಿಡದೆ ಕೈಯಿಂದ ಮಾಡಿಸಿ. ಮನೆಯ ಕರೆಂಟನ್ನು ಬೇಲಿಗೆ ಮಾತ್ರ ಎಂದೂ ಕೊಡಬೇಡಿ. ಸೋಲಾರ್ ಬೇಲಿಯ ಯಂತ್ರ ಕ್ಷಣಾರ್ಧದ ಹೊಡೆತ ಕೊಟ್ಟು ಬಿಡುತ್ತದೆ, ಮುಟ್ಟಿದ ಪ್ರಾಣಿ ಬೆದರಿ ಹಿಂದೆ ಸರಿಯುತ್ತದೆ. 230 ವೋಲ್ಟಿನ ಮನೆ ಕರೆಂಟ್ ಹಿಡಿದದ್ದನ್ನು ಬಿಡುವುದಿಲ್ಲ. ಅದಕ್ಕೆ ಹಂದಿ, ಚಿಗರಿ, ರಾತ್ರಿ ನೀರು ಕಟ್ಟಲು ಬಂದ ಪಕ್ಕದ ಹೊಲದವನು ಎಂಬ ಭೇದವಿಲ್ಲ.